ಸರಿಗೆಯೊಳಗಿನ ಸಂಚಾರ

ನಮ್ಮ ನಗರ್ತಪೇಟೆಯಲ್ಲಿ ಸರಿಗೆಯೆಂದರೆ ಸೀರೆಯ ಸೆರಗಿನ ಹೊನ್ನೆಳೆ. ನಿಘಂಟನ್ನು ತೆರೆದರೆ ಲೋಹದ ತಂತಿಗೂ ಅದೇ ಹೆಸರುಂಟು. ಈ ಎರಡರ್ಥಗಳ ನಡುವೆ ನಮ್ಮ ಮನೆಯಲ್ಲಿ ಕೆಲವು ತಿಂಗಳು ಒಂದು ಜಿಜ್ಞಾಸೆ ನಡೆಯಿತು. ನನ್ನ ತಂಗಿಯ ಮಗಳು ಭೌತಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿರುವವಳು. ಎಂಬತ್ತೆಂಟು ವರ್ಷದ ನನ್ನ ತಾಯಿಯವರು ಅವಳನ್ನು ಕಂಡಾಗಲೆಲ್ಲ “ಅಲ್ಲಿ ಏನು ಓದ್ತೀಯಮ್ಮ?” ಎಂದು ಕೇಳುವರು. “ಸಣ್ಣ ಸರಿಗೇಲಿ ಕರೆಂಟು ಹೇಗೆ ಹರಿಯುತ್ತೆ ಅಂತ, ಅಜ್ಜಿ” ಎಂದು ಹೇಳಿ ಹುಡುಗಿ ಸುಮ್ಮನಾಗುವಳು. ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ನಿರರ್ಗಳವಾಗಿ ವಿವರಿಸಬಲ್ಲ ಕೂಸು ತಾಯ್ನುಡಿಯಲ್ಲಿ ಒಂದು ವಾಕ್ಯಕ್ಕೇ ನಿಂತುಹೋಗುವುದನ್ನು ಕಂಡು, ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಸಂಸ್ಕೃತ ಕನ್ನಡಗಳನ್ನು ಕಲಿಸಿದ ನನಗೆ ವ್ಯಥೆಯಾಗದಿರಲಿಲ್ಲ. ಹೀಗೇ ಮುಂದುವರಿದರೆ ಅವಳಿಗೂ ನಮಗೂ ನಡುವೆ “ಊಟವಾಯಿತೇ” ಎಂಬಷ್ಟು ಮಾತು ಮಾತ್ರವೇ ಉಳಿದೀತು. ಆದುದರಿಂದ ಭಾನುವಾರಗಳಂದು ನಾನೇ ಅವಳ ಶಿಷ್ಯನಾಗಿ ಕುಳಿತೆನು.

ಅವಳ ಸರಿಗೆಯ ಅಗಲ ಕೂದಲಿನ ಅಗಲದಲ್ಲಿ ಸಾವಿರಾರು ಪಾಲುಗಳಲ್ಲೊಂದು. ಅದರೊಳಗೆ ಎಲೆಕ್ಟ್ರಾನುಗಳು ಮುಂದಕ್ಕೋ ಹಿಂದಕ್ಕೋ ಚಲಿಸಬಹುದೇ ಹೊರತು ಪಕ್ಕಕ್ಕೆ ಸರಿಯಲು ಎಡೆಯಿಲ್ಲ. ಚೈತ್ರದ ಹುಣ್ಣಿಮೆಯಂದು ಕರಗದ ಸಮಯದಲ್ಲಿ ಧರ್ಮರಾಯಸ್ವಾಮಿ ಗುಡಿಯ ಸುತ್ತಣ ಗಲ್ಲಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಯಾರೂ ಯಾರನ್ನೂ ದಾಟಿ ಹೋಗಲಾರರು. ಹಿಂದಿನವನೊಬ್ಬನು ನೂಕಿದರೆ ಆ ನೂಕು ತಲೆಯಿಂದ ತಲೆಗೆ ಸಾಗಿ ಮುಂದಿನ ತುದಿಯನ್ನು ಮುಟ್ಟುವುದು. ನೂಕಿದವನು ಮಾತ್ರ ಇದ್ದಲ್ಲೇ ಇರುವನು. ಶಬ್ದವು ಕಿವಿಯನ್ನು ಸೇರುವ ಬಗೆಯನ್ನು ಹೇಳುವಾಗ ನಮ್ಮ ತಾರ್ಕಿಕರು ವೀಚೀತರಂಗನ್ಯಾಯವೆಂದು ಕರೆದದ್ದು ಇಂಥ ಸಂಚಾರವನ್ನೇ. ಎಲೆಕ್ಟ್ರಾನುಗಳಾದರೋ ಒಂದನ್ನೊಂದು ವಿಕರ್ಷಿಸುವ ಸ್ವಭಾವದವು. ಆದಕಾರಣ ಇಕ್ಕಟ್ಟಿನ ಸರಿಗೆಯಲ್ಲಿ ಒಂಟಿ ಎಲೆಕ್ಟ್ರಾನಿನ ಪ್ರಯಾಣವೆಂಬುದು ಅರ್ಥವನ್ನೇ ಕಳೆದುಕೊಂಡು, ಇಡೀ ಗುಂಪಿನ ಅಲೆಗಳು ಮಾತ್ರ ಉಳಿಯುತ್ತವೆ. ಇದನ್ನು 1950ರಲ್ಲಿ ಜಪಾನಿನ ತೊಮೊನಾಗ, 1963ರಲ್ಲಿ ಅಮೆರಿಕದ ಲಟಿಂಜರ್ ಗಣಿತದಿಂದ ನಿರೂಪಿಸಿದರು. 1981ರಲ್ಲಿ ಹಾಲ್ಡೇನ್ ಇದಕ್ಕೆ ಲಟಿಂಜರ್ ದ್ರವವೆಂಬ ಹೆಸರನ್ನು ನಿಲ್ಲಿಸಿದರು.

ಇಲ್ಲಿಗೆ ಬಂದಾಗ ನನ್ನೊಳಗಿನ ತರ್ಕಪಾಠವು ಎದ್ದು ಕುಳಿತಿತು. ಎಲೆಕ್ಟ್ರಾನಿಗೆ ವಿದ್ಯುದಂಶವೊಂದು, ಸ್ಪಿನ್ ಎಂಬುದಿನ್ನೊಂದು, ಹೀಗೆ ಎರಡು ಗುಣಗಳು. (ಸ್ಪಿನ್ನಿಗೆ ಭ್ರಮಣವೆಂಬ ಶಬ್ದವನ್ನು ಸೂಚಿಸಿದೆನು. “ಅದು ನಿಜವಾಗಿ ಬುಗುರಿಯ ಹಾಗೆ ತಿರುಗೋದಿಲ್ಲ ಮಾವ” ಎಂದಳು. ಬಂದ ಹೆಸರನ್ನೇ ಇಟ್ಟುಕೊಂಡೆವು.) ಈ ಸರಿಗೆಯಲ್ಲಿ ವಿದ್ಯುದಂಶದ ಅಲೆ ಒಂದು ವೇಗದಿಂದಲೂ ಸ್ಪಿನ್ನಿನ ಅಲೆ ಅದಕ್ಕಿಂತ ನಿಧಾನವಾಗಿಯೂ ಬೇರೆಬೇರೆ ಸಾಗುತ್ತವಂತೆ! 2009ರಲ್ಲಿ ಕೇಂಬ್ರಿಜ್ಜಿನವರ ಪ್ರಯೋಗದಲ್ಲಿ ಈ ಅಗಲಿಕೆಯ ಕುರುಹು ಕಂಡಿತೆಂದು ತೋರಿಸಿದಳು. ಗುಣವು ದ್ರವ್ಯದಲ್ಲಿ ಸಮವಾಯದಿಂದಿರತಕ್ಕದ್ದು, ಅದಕ್ಕೆ ಸ್ವತಃ ಚಲನೆಯಿಲ್ಲವೆಂದು ನಾವು ಓದಿದ್ದು. ದ್ರವ್ಯವನ್ನು ಬಿಟ್ಟು ಗುಣವು ಹೊರಡುವುದೆಂತು? ಎರಡು ಭಾನುವಾರ ಈ ಪ್ರಶ್ನೆಯನ್ನು ನಾನು ಬಿಡಲಿಲ್ಲ. ಕೊನೆಗೆ ಅವಳಿತ್ತ ಸಮಾಧಾನವಿದು: ಎಲೆಕ್ಟ್ರಾನು ಒಡೆಯುವುದಿಲ್ಲ, ಅಲೆಗಳು ಗುಂಪಿನವು, ಒಂದರವಲ್ಲ. ಗಲ್ಲಿಯಲ್ಲಿ ನೂಕು ಒಂದು ಬಗೆಯಾಗಿ ಹರಿದರೆ, “ದೇವರು ಬಂತು” ಎಂದು ಕತ್ತು ತಿರುಗಿಸುವುದು ಇನ್ನೊಂದು ಬಗೆಯಾಗಿ ಹರಿಯುವುದಿಲ್ಲವೇ? ನನಗೆ ಇದು ಒಪ್ಪಿಗೆಯಾಯಿತು. ಇದೆಲ್ಲ ಪೂರ್ವಿಕರಿಗೆ ತಿಳಿದೇ ಇತ್ತೆಂದು ಹೇಳಿ ಚಪ್ಪಾಳೆ ಗಿಟ್ಟಿಸುವವರ ಸಾಲಿಗೆ ನಾನು ಸೇರಿದವನಲ್ಲ. ಅವರಿಗೆ ತಿಳಿದಿರಲಿಲ್ಲ, ಆದರೆ ಪ್ರಶ್ನೆಯನ್ನು ಹಿಡಿದು ನಿಲ್ಲುವ ರೀತಿಯನ್ನು ಅವರಿಂದಲೇ ಕಲಿತೆನು.

ಇನ್ನು ಸರಿಗೆಯ ರೋಧ. ಎಳ್ಳಷ್ಟೂ ಕಲ್ಮಷವಿಲ್ಲದ ಸರಿಗೆಗೂ, ಅದು ಒಂದೇ ಹಾದಿಯುಳ್ಳದ್ದಾದರೆ, ಸುಮಾರು 12,900 ಓಮ್ ರೋಧವಿದ್ದೇ ಇರುತ್ತದೆ. 1988ರಲ್ಲಿ ಹಾಲೆಂಡಿನವರೂ ಇಂಗ್ಲೆಂಡಿನವರೂ ವಾಹಕತೆಯು ಇದರ ಲೆಕ್ಕದಲ್ಲೇ ಮೆಟ್ಟಿಲುಮೆಟ್ಟಿಲಾಗಿ ಏರುವುದನ್ನು ಕಂಡರು. ಈ ರೋಧವಿರುವುದು ಸರಿಗೆಯ ಒಡಲಿನಲ್ಲಲ್ಲ, ಬಾಯಿಯಲ್ಲಿ: ಅವೆನ್ಯೂ ರಸ್ತೆಯ ಜನವೆಲ್ಲ ಒಂದೇ ಸಂದಿಗೆ ನುಗ್ಗಹೊರಟಂತೆ. ಒಳಗಿನ ವಿಕರ್ಷಣೆಯು ಶುದ್ಧ ಸರಿಗೆಯಲ್ಲಿ ಈ ಅಂಕೆಯನ್ನು ಕದಲಿಸುವುದಿಲ್ಲವೆಂದು 1995ರಲ್ಲಿ ಹಲವರು ಬೇರೆಬೇರೆಯಾಗಿ ತೋರಿಸಿದರು. ಬಾಯಿಯ ಈ ಪಾತ್ರವನ್ನೇ ಕುರಿತು ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೀಪ್ತಿಮಾನ್ ಸೇನರು ಸಿದ್ಧಾರ್ಥ ಲಾಲ್, ಸುಮತಿ ರಾವ್ ಅವರೊಡನೆ 2001ರಲ್ಲಿ ಪ್ರಬಂಧವನ್ನು ಪ್ರಕಟಿಸಿದರೆಂದು ಕೇಳಿ ನನಗೆ ಹಿಗ್ಗಾಯಿತು. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಬೀದಿದೀಪ ಹೊತ್ತಿಸಿದ ಊರಲ್ಲವೇ ಇದು.

ಆದರೆ ಸರಿಗೆಯಲ್ಲಿ ಒಂದೇ ಒಂದು ಕೊರತೆಯಿದ್ದರೂ ಕಥೆ ಬೇರೆ. ಶೈತ್ಯವು ಹೆಚ್ಚಿದಂತೆಲ್ಲ, ವಿಕರ್ಷಣೆಯ ಬಲದಿಂದ ಆ ಒಂದು ಅಡ್ಡಿಯೇ ಪ್ರವಾಹವನ್ನು ಪೂರ್ತಿ ತಡೆಯುವಷ್ಟಾಗುತ್ತದೆಂದು 1992ರಲ್ಲಿ ಕೇನ್, ಫಿಶರ್ ಇಬ್ಬರೂ ಗಣಿಸಿದರು. ಗಲ್ಲಿಯ ನಡುವೆ ಬಟ್ಟೆಮೂಟೆಯ ಕೈಗಾಡಿಯೊಂದು ಕೆಟ್ಟು ನಿಂತ ದಿನ ನಮಗೂ ಇದೇ ಅನುಭವ.

ಹುಡುಗಿಯ ನಿಜವಾದ ವಿಷಯ ಇಲ್ಲಿಂದ ಮುಂದೆ. ವಿದ್ಯುತ್ಕ್ಷೇತ್ರದಲ್ಲಿ ಓಡುವ ಎಲೆಕ್ಟ್ರಾನಿಗೆ ಅದರಲ್ಲೊಂದು ಪಾಲು ಕಾಂತಕ್ಷೇತ್ರವಾಗಿ ತೋರಿ, ಅದು ಸ್ಪಿನ್ನನ್ನು ಓಟದ ದಿಕ್ಕಿಗೆ ಕಟ್ಟಿಹಾಕುತ್ತದೆ. ಸೋವಿಯತ್ ಒಕ್ಕೂಟದ ರಾಷ್‌ಬಾ ಎಂಬವರು ವಿಸ್ತರಿಸಿದ ವಿಚಾರವಿದು. ಈ ಬಂಧವು ಸೇರಿದೊಡನೆ, ಅಗಲಿದ್ದ ಎರಡು ಅಲೆಗಳು ಮತ್ತೆ ಒಂದರಲ್ಲೊಂದು ಬೆರೆಯತೊಡಗುತ್ತವೆ. ಬಂಧವು ಪ್ರಬಲವಾಗಿರುವ ಕೆಲವು ವಸ್ತುಗಳ ಅಂಚಿನಲ್ಲಂತೂ ಬಲಕ್ಕೆ ಹೋಗುವವಕ್ಕೆ ಒಂದು ಸ್ಪಿನ್, ಎಡಕ್ಕೆ ಹೋಗುವವಕ್ಕೆ ಅದರ ವಿರುದ್ಧವಾದುದು. ತಿರುಗಿ ಬರಬೇಕಾದರೆ ಸ್ಪಿನ್ನನ್ನೂ ಮಗುಚಬೇಕು. ಅದು ಕಾಂತಗುಣವಿಲ್ಲದ ಸಾಮಾನ್ಯ ಕಲ್ಮಷದ ಕೈಯಲ್ಲಾಗದು. 2007ರಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ಪಾದರಸ ಟೆಲ್ಲುರೈಡಿನ ಪದರದಲ್ಲಿ ಇಂಥ ಅಂಚನ್ನು ಕಂಡರು. ಆದರೆ ಅಂಚು ಉದ್ದವಾದಂತೆ ಆ ರಕ್ಷಣೆ ಸಡಿಲುತ್ತದೆ. ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯೇ ಅದಕ್ಕೆ ಕಾರಣವೋ, ಬೇರೆ ಹೇತುಗಳೂ ಇವೆಯೋ ಎಂಬ ವಾದ ಇನ್ನೂ ತೀರಿಲ್ಲ. ಆ ಲೆಕ್ಕವೇ ಈಗ ಅವಳ ಮೇಜಿನ ಮೇಲಿರುವುದು.

ಅಡ್ಡಿಗೆ ತಾಗಿ ಎಲೆಕ್ಟ್ರಾನು ತಿರುಗಿ ಬರುವುದಕ್ಕೆ ನಾನು ಪ್ರತ್ಯಾವರ್ತನವೆಂಬ ಹೆಸರನ್ನು ಕೊಟ್ಟಿದ್ದೆನು. “ಹಿಮ್ಮರಳಿಕೆ ಅಂದರೆ ಸಾಕಲ್ಲ ಮಾವ” ಎಂದಳು. ಅದನ್ನೇ ಇರಿಸಿಕೊಂಡಿದ್ದೇವೆ, ಪಟ್ಟಿಯಲ್ಲಿ ಇನ್ನೂ ಹದಿನೇಳು ಶಬ್ದಗಳು ಬಾಕಿಯಿವೆ.