ಜೋಡಿ ಚಕ್ರದ ಡೋಲಿ

ನಮ್ಮ ಪಕ್ಕದ ಮನೆಯಲ್ಲೊಬ್ಬರು ತಾತ ಇದ್ದರು. ಟೆಕ್ಸಾಸಿನವರು ಹೇಗಿರ್ತಾರೆ ಅಂತ ನಾನು ಊರಲ್ಲಿದ್ದಾಗ ಅಂದ್ಕೊಂಡಿದ್ದೆನೋ ಥೇಟ್ ಹಾಗೇ. ಅಗಲ ಅಂಚಿನ ಟೋಪಿ, ಚೂಪು ಮೂತಿಯ ಬೂಟು, ಪ್ಯಾಂಟಿಗಿಂತ ದೊಡ್ಡದಾಗಿ ಕಾಣೋ ಬೆಲ್ಟಿನ ಬಕಲ್ಲು. ನಾನೂ ನನ್ನ ಹೆಂಡತಿಯೂ ಅವರಿಗಿಟ್ಟ ಹೆಸರು ‘ಟೋಪಿ ತಾತ’. ಅವರು ಯಾರಿಗೂ ಟೋಪಿ ಹಾಕಿದವರಲ್ಲ ಬಿಡಿ. ಈ ಕಥೆಯಲ್ಲಿ ಅವರಿಗೇ ಟೋಪಿ ಬೀಳೋದರಲ್ಲಿತ್ತು, ಅದೂ ನನ್ನ ಕೈಯಿಂದ!

ಹೋದ ವರ್ಷ ಒಂದು ಭಾನುವಾರ ಬೇಲಿ ಆಚೆಯಿಂದ ಕರೆದರು. ಮನೆ ಮಾರ್ತಿದ್ದಾರಂತೆ. ಇನ್ನು ಮುಂದೆ ಅಜ್ಜ, ಅಜ್ಜಿ, ಒಂದು ನಾಯಿ, ಮೂವರದ್ದೂ ಚಕ್ರದ ಮೇಲಿನ ಸಂಸಾರ. ದೊಡ್ಡದೊಂದು ಟ್ರೈಲರ್ ಮನೆ ಗೊತ್ತು ಮಾಡಿಟ್ಟಿದ್ದರು. ಅಡುಗೆಮನೆ, ಬಚ್ಚಲು, ಸೋಫಾ ಎಲ್ಲಾ ಇರುವಂಥದ್ದು. ಮೊದಲ ಪ್ರಯಾಣ ಕೊಲರಾಡೋದ ಪಗೋಸಾ ಸ್ಪ್ರಿಂಗ್ಸ್‌ಗೆ, ಮಗಳ ಮನೆಗೆ. ಉಳಿದಿದ್ದು ಎಳೆಯೋ ಟ್ರಕ್ಕು ಮಾತ್ರ. ಹಿಂದೆ ಎರಡೇ ಚಕ್ರ ಇರೋದು ತಗೊಳ್ಳಲೋ, ನಾಲ್ಕು ಇರೋದು ತಗೊಳ್ಳಲೋ? “ನೀನು ಇಂಜಿನಿಯರ್ ಅಲ್ವಾ, ಲೆಕ್ಕ ಹಾಕಿ ಹೇಳು” ಅಂದರು.

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಬರೆಯೋದು ಜಾವಾ. ಎಷ್ಟೋ ವರ್ಷದ ಮೇಲೆ ಯಾರೋ ನನ್ನ ಡಿಗ್ರಿಗೆ ಮರ್ಯಾದೆ ಕೊಟ್ಟಿದ್ದರು. ಕೇಳ್ಬೇಕೇ? ರಾತ್ರಿಯೆಲ್ಲಾ ಕೂತು ಒಂದು ಎಕ್ಸೆಲ್ ಶೀಟು ಮಾಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹಿಂದೆ ಜೋಡಿ ಚಕ್ರ ಇರೋ ಪಿಕಪ್ಪಿಗೆ ಇಲ್ಲಿನವರು ‘ಡೂಲಿ’ ಅಂತಾರೆ. ನನ್ನ ಕಿವಿಗೆ ಮೊದಲು ಬಿದ್ದಿದ್ದು ‘ಡೋಲಿ’ ಅಂತ, ಇವತ್ತಿಗೂ ಹಾಗೇ ಅನ್ನೋದು. ಒಟ್ಟು ಆರು ಚಕ್ರ, ನಮ್ಮೂರಿನ 407 ಟೆಂಪೋ ಥರ. ಹಿಂದಿನ ರೆಕ್ಕೆಗಳು ಉಬ್ಬಿಕೊಂಡು ಅಗಲ ಸುಮಾರು 96 ಇಂಚು ಆಗತ್ತೆ. ಒಂಟಿ ಚಕ್ರದ್ದು 80 ಇಂಚಿನ ಆಸುಪಾಸು.

ನನ್ನ ಲೆಕ್ಕ ಬಹಳ ಸುಲಭವಾಗಿತ್ತು. ಟ್ರೈಲರ್ ತುಂಬಿದ ಮೇಲೆ 16,000 ಪೌಂಡ್, ಅಂದ್ರೆ ಹತ್ತಿರ ಹತ್ತಿರ 7,250 ಕಿಲೋ. ಅವರು ನೋಡಿಟ್ಟಿದ್ದ ಒಂಟಿ ಚಕ್ರದ ಟ್ರಕ್ಕಿನ ಕರಪತ್ರದಲ್ಲಿ 18,000 ಪೌಂಡ್ ಎಳೆಯತ್ತೆ ಅಂತ ಇತ್ತು. 18 ದೊಡ್ಡದೋ 16 ದೊಡ್ಡದೋ? ಎರಡರಲ್ಲೂ ಎಂಜಿನ್ ಅದೇ. ಮತ್ಯಾಕೆ ಇನ್ನೆರಡು ಟೈರಿಗೆ ದುಡ್ಡು ಸುರಿಯೋದು, ಪಾರ್ಕಿಂಗಿಗೆ ಒದ್ದಾಡೋದು? “ಒಂಟಿ ಚಕ್ರ ಧಾರಾಳ ಸಾಕು” ಅಂತ ತೀರ್ಪು ಕೊಟ್ಟೆ. ತಾತ ಖುಷಿಯಾಗಿ ಅಂಗಡಿಗೆ ಫೋನ್ ಮಾಡೋಕೆ ಹೊರಟರು.

ಅಜ್ಜಿ ಮಾತ್ರ ಕನ್ನಡಕ ಏರಿಸಿ ಶೀಟನ್ನೇ ನೋಡ್ತಾ ಇದ್ದರು. ಆಮೇಲೆ ಮೆಲ್ಲಗೆ ಕೇಳಿದರು. “ಇದರಲ್ಲಿ ನಾವಿಬ್ಬರು ಎಲ್ಲಿದ್ದೀವಪ್ಪಾ? ನಾಯಿ ಎಲ್ಲಿದೆ?”

ನಾನು ಪೆಚ್ಚಾದೆ. ನಿಜ, ಶೀಟಿನಲ್ಲಿ ಜನರೇ ಇರಲಿಲ್ಲ.

ಇಲ್ಲೇ ನೋಡಿ ಎಲ್ಲರೂ ಎಡವೋದು. ಎಳೆಯೋದೇ ಬೇರೆ, ಹೊರೋದೇ ಬೇರೆ. ಇಂಥ ದೊಡ್ಡ ಟ್ರೈಲರನ್ನ ಹಿಂದಿನ ಬಂಪರಿಗೆ ಸಿಕ್ಕಿಸೋದಿಲ್ಲ. ಟ್ರಕ್ಕಿನ ತೊಟ್ಟಿಯೊಳಗೆ, ಹಿಂದಿನ ಆಕ್ಸಲಿನ ಸರಿ ಮೇಲೆ, ಒಂದು ಪೀಠ ಕೂರಿಸಿ ಅದರ ಮೇಲೆ ಟ್ರೈಲರಿನ ಮೂತಿ ಇಡ್ತಾರೆ. ಇದಕ್ಕೆ ‘ಫಿಫ್ತ್ ವೀಲ್’ ಅಂತ ಹೆಸರು. ಟ್ರೈಲರಿನ ತೂಕದಲ್ಲಿ 15ರಿಂದ 25 ಪರ್ಸೆಂಟು ಆ ಮೂತಿಯ ಮೂಲಕ ಟ್ರಕ್ಕಿನ ಬೆನ್ನ ಮೇಲೇ ಕೂರತ್ತೆ. 20 ಅಂತ ಹಿಡಿದರೆ ತಾತನ ಟ್ರೈಲರಿನದ್ದು 3,200 ಪೌಂಡ್. ಎತ್ತು ಗಾಡಿ ಎಳೆಯತ್ತೆ ನಿಜ. ಆದ್ರೆ ಮೂಕಿಯ ಭಾರ ಅದರ ಹೆಗಲ ಮೇಲೂ ಇರತ್ತಲ್ಲ, ಹಾಗೆ.

ಸರಿ, ಮತ್ತೆ ಲೆಕ್ಕ. ಈ ಸಲ ಕರಪತ್ರ ಬಿಟ್ಟು ಬಾಗಿಲ ಚೌಕಟ್ಟಿನ ಚೀಟಿ ಓದಿದ್ವಿ. ಒಂಟಿ ಚಕ್ರದ ಆ ಟ್ರಕ್ಕು ಎಲ್ಲಾ ಸೇರಿ 11,500 ಪೌಂಡ್ ಮೀರಬಾರದು ಅಂತ ಇತ್ತು. ಟ್ಯಾಂಕ್ ತುಂಬಿಸಿ, ಹೆದ್ದಾರಿ ಪಕ್ಕದ ಲಾರಿ ತೂಕದ ಕಾಟಾದಲ್ಲಿ ನಿಲ್ಲಿಸಿದ್ರೆ ಖಾಲಿ ಟ್ರಕ್ಕೇ 7,700. ಉಳಿದಿದ್ದು 3,800. ಟ್ರೈಲರಿನ ಮೂತಿ 3,200, ಪೀಠ 200, ಅಜ್ಜ ಅಜ್ಜಿ ಸೇರಿ 350, ನಾಯಿ 70. ಕೂಡಿಸಿ ನೋಡಿ. 3,820!

ನಾಯಿ ಹತ್ತಿದ ತಕ್ಷಣ ಟ್ರಕ್ಕು ಮಿತಿ ದಾಟಿತು. ಇನ್ನೂ ಜಾಕು, ಸ್ಪ್ಯಾನರು, ಕುಡಿಯೋ ನೀರು, ಅಜ್ಜಿಯ ಚೀಲ ಯಾವುದೂ ಲೆಕ್ಕಕ್ಕೆ ಬಂದಿಲ್ಲ. ಕರಪತ್ರದ 18,000 ಸುಳ್ಳಲ್ಲ. ಇಲ್ಲಿ ಎಸ್‌ಎಇ ಜೆ2807 ಅನ್ನೋ ಮಾನದಂಡ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರದ 11.4 ಮೈಲಿ ಏರನ್ನ ಎಸಿ ಹಾಕ್ಕೊಂಡು ಹತ್ತಬೇಕು, ಇತ್ಯಾದಿ. ಆದ್ರೆ ಆ ಪರೀಕ್ಷೆಯಲ್ಲಿ ಕೂರೋ ಇಬ್ಬರು ತಲಾ 150 ಪೌಂಡಿನವರು! ಟೋಪಿ ತಾತನನ್ನ ನೋಡಿದವರಾರೂ ಹಾಗೆ ಲೆಕ್ಕ ಹಾಕಲ್ಲ. ಇನ್ನೊಂದು ತಮಾಷೆ ಕೇಳಿ. ಆ ಏರಿನಲ್ಲಿ ಒಂಟಿ ಚಕ್ರದ್ದು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಬಾರದು, ಡೋಲಿಗೆ 35 ಆದರೂ ಪಾಸು. ಅಂದ್ರೆ ಜೋಡಿ ಚಕ್ರದಿಂದ ಶಕ್ತಿ ಹೆಚ್ಚಲ್ಲ. ಹೆಚ್ಚೋದು ಹೊರೋ ತಾಕತ್ತು, ನಿಲ್ಲೋ ಗಟ್ಟಿತನ.

ಟೈರಿನ ಮೇಲೇ ಅದು ಬರೆದಿರತ್ತೆ. ‘125/122’ ಅನ್ನೋ ಥರ ಎರಡು ಅಂಕಿ ಇರತ್ತೆ, ಮೊದಲನೆಯದು ಒಂಟಿಯಾಗಿ ಹಾಕಿದ್ರೆ, ಎರಡನೆಯದು ಜೋಡಿಯಾಗಿ ಹಾಕಿದ್ರೆ. 125 ಅಂದ್ರೆ 1,650 ಕಿಲೋ, ಎರಡು ಟೈರಿಗೆ 3,300. ಡೋಲಿಯ ಸಣ್ಣ ಟೈರಿನಲ್ಲಿ ‘121/118’ ಇತ್ತು. 118 ಅಂದ್ರೆ 1,320 ಕಿಲೋ, ನಾಲ್ಕಕ್ಕೆ 5,280. ಜೋಡಿಯಾದಾಗ ಒಂದೊಂದೂ ಸ್ವಲ್ಪ ಕಮ್ಮಿ ಹೊರತ್ತೆ, ಆದ್ರೂ ಒಟ್ಟು ಹೆಚ್ಚು. (ಮದುವೆ ಆದವರಿಗೆ ಇದನ್ನ ವಿವರಿಸೋದು ಬೇಡ.) ತಾತ ನೋಡಿದ ಡೋಲಿಯ ಚೀಟಿಯಲ್ಲಿ 14,000 ಇತ್ತು, ಖಾಲಿ ತೂಕ 8,300. ಉಳಿಯೋದು 5,700. ನಾಯಿ ಹತ್ತಿದ ಮೇಲೂ 1,880 ಪೌಂಡ್ ಬಾಕಿ.

ಲೆಕ್ಕ ಮುಗೀತು. ಆದ್ರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾವನ ನೆನಪಾಯ್ತು.

ನನ್ನ ಸೋದರಮಾವ ತಿಪಟೂರಿನಲ್ಲಿ 407 ಓಡಿಸ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಕೊಬ್ಬರಿ ಲೋಡಿನ ಜೊತೆ ನನ್ನನ್ನೂ ಮಂಗಳೂರಿಗೆ ಕೂರಿಸಿಕೊಂಡು ಹೋದರು. ಸಕಲೇಶಪುರ ದಾಟಿ ಶಿರಾಡಿ ಇಳೀತಾ ಇದ್ವಿ. ಹಿಂದೆ ಧಡ್ ಅಂತ ಶಬ್ದ. ಗಾಡಿ ಒಮ್ಮೆ ಸೊಂಟ ಕುಣಿಸಿತು, ಅಷ್ಟೇ. ಮಾವ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಗಾಬರಿಯಿಲ್ಲದೆ, ಸ್ವಲ್ಪ ಜಾಗ ಸಿಕ್ಕ ಕಡೆ ಪಕ್ಕಕ್ಕೆ ಹಾಕಿದರು. ಇಳಿದು ನೋಡಿದ್ರೆ ಎಡಗಡೆಯ ಹೊರ ಟೈರು ಚಿಂದಿ. ಒಳಗಿನದ್ದು ಅಷ್ಟೂ ಭಾರ ಹೊತ್ತು ನಿಂತಿತ್ತು. ಅದರಾಚೆ ಪ್ರಪಾತ. ಮಾವ ಬೀಡಿ ಹಚ್ಚಿ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. “ಪಕ್ಕದ್ದು ಇತ್ತಲ್ಲ, ಅದಕ್ಕೆ ನಾವಿದ್ದೀವಿ.”

ಉಳಿದ ಆ ಒಂದು ಟೈರು ಊರು ತಲುಪಿಸೋಕಲ್ಲ. ಅದರ ಮೇಲೆ ಇಬ್ಬರ ಭಾರ ಬಿದ್ದಿರತ್ತೆ, ಬೇಗ ನಿಲ್ಲಿಸಲೇಬೇಕು. ಅದು ಕೊಡೋದು ನಿಲ್ಲಿಸೋದಕ್ಕೆ ಬೇಕಾದ ಆ ಕೆಲವು ಕ್ಷಣಗಳನ್ನ. ಪಗೋಸಾ ಸ್ಪ್ರಿಂಗ್ಸ್‌ಗೆ ತಾತ ಹೋಗೋ ದಾರಿಯಲ್ಲಿ ವುಲ್ಫ್ ಕ್ರೀಕ್ ಪಾಸ್ ಇದೆ. 10,800 ಅಡಿಗೂ ಮೇಲೆ, ಸುಮಾರು 7 ಪರ್ಸೆಂಟು ಇಳಿಜಾರು, ಬ್ರೇಕ್ ಹೋದ ಲಾರಿಗಳನ್ನ ಹತ್ತಿಸಿ ನಿಲ್ಲಿಸೋ ಮಣ್ಣುದಿಬ್ಬ ಬೇರೆ. ಅಲ್ಲಿ ನನ್ನ ಎಕ್ಸೆಲ್ ಶೀಟಿನ ಭರವಸೆ ಮೇಲೆ, ಒಂಟಿ ಚಕ್ರದಲ್ಲಿ, ಇಬ್ಬರು ಮುದುಕರು...

ಬೆಳಿಗ್ಗೆ ಆರೂವರೆಗೆ ಹೋಗಿ ಬಾಗಿಲು ತಟ್ಟಿದೆ. “ಡೋಲಿ ತಗೊಳ್ಳಿ” ಅಂದೆ. ಮೊದಲು ಹೇಳಿದ್ದು ತಪ್ಪು ಅಂತಲೂ ಒಪ್ಪಿಕೊಂಡೆ. ತಾತ ಟೋಪಿ ಎತ್ತಿ ತಲೆ ಕೆರ್ಕೊಂಡರು. ಅಜ್ಜಿ ಕಾಫಿ ಕೊಟ್ಟರು.

ಹಾಗಂತ ಎಲ್ಲರಿಗೂ ಡೋಲಿ ಬೇಕು ಅಂತಲ್ಲ. ಮೂತಿ ಭಾರ ಕಳೆದು, ಜನ ಸಾಮಾನು ಕಳೆದು, ಇನ್ನೂ ಧಾರಾಳವಾಗಿ ಉಳಿಯತ್ತೆ ಅಂದ್ರೆ ಒಂಟಿ ಚಕ್ರವೇ ಮೇಲು. ದಿನಾ ಆಫೀಸಿಗೆ, ಅಂಗಡಿಗೆ ಅದೇ ಗಾಡಿ ಅಂದ್ರಂತೂ ಸೈ. ಡೋಲಿಯನ್ನ ಎಷ್ಟೋ ಕಾರ್ ವಾಶ್‌ಗಳು ಒಳಗೇ ಬಿಡಲ್ಲ. ಖಾಲಿ ಇದ್ದಾಗ ಒದ್ದೆ ಹುಲ್ಲು, ಹಿಮದಲ್ಲಿ ಭಾರ ನಾಲ್ಕು ಟೈರಿಗೆ ಹಂಚಿಹೋಗಿ ಹಿಡಿತ ಕಮ್ಮಿ. ಒಳಗಿನ ಟೈರಿನ ಗಾಳಿ ನೋಡೋಕೆ ಸೊಂಟ ಬಗ್ಗಿಸಬೇಕು. ನೋಡದಿದ್ರೆ ಇನ್ನೂ ಕಷ್ಟ. ಒಂದರಲ್ಲಿ ಗಾಳಿ ಇಳಿದರೆ ಜೊತೆಯದ್ದು ಸದ್ದಿಲ್ಲದೆ ಹೆಚ್ಚು ಹೊರತ್ತೆ. ಎರಡರ ನಡುವೆ ಕಲ್ಲು ಸಿಕ್ಕಿದೆಯಾ ಅಂತಲೂ ನೋಡ್ತಿರಬೇಕು.

ಎಲ್ಲಾ ಸೇರಿ 26,000 ಪೌಂಡ್ ದಾಟಿದ್ದರಿಂದ ಟೆಕ್ಸಾಸಿನ ನಿಯಮದಂತೆ ತಾತ ವಾಣಿಜ್ಯೇತರ ‘ಕ್ಲಾಸ್ ಎ’ ಲೈಸೆನ್ಸಿಗೆ ಓದಿ ಪರೀಕ್ಷೆ ಬರೆಯಬೇಕಾಯ್ತು. ಎಪ್ಪತ್ತರ ಹತ್ತಿರ ಬಂದವರು ಪುಸ್ತಕ ಹಿಡ್ಕೊಂಡು ಬೇಲಿ ಪಕ್ಕ ಉರು ಹೊಡೀತಿದ್ದಿದ್ದು ನೋಡೋಕೇ ಚೆಂದ. ಪಾಸಾದ ದಿನ ನಮ್ಮನೆಯಲ್ಲೇ ಕೇಸರಿಬಾತು.

ಹೊರಟು ಆರು ದಿನದ ಮೇಲೆ ಅಜ್ಜಿಯಿಂದ ಒಂದು ಫೋಟೋ ಬಂತು. ಘಟ್ಟದ ತುದಿ, ಪಕ್ಕದಲ್ಲಿ ಹಿಮ, ಸೊಂಟ ಬಗ್ಗಿಸಿಕೊಂಡು ಒಳಗಿನ ಟೈರಿನ ಗಾಳಿ ನೋಡ್ತಿರೋ ತಾತ. ಟೋಪಿ ನಾಯಿಯ ತಲೆ ಮೇಲೆ!

ಫೋಟೋ ಮಾವನಿಗೆ ಕಳಿಸಿದೆ. ಈಗ 407 ಇಲ್ಲ, ಮೊಣಕಾಲು ನೋವು, ಮನೆಯಲ್ಲೇ ಇರ್ತಾರೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು. “ಗಾಡಿ ಚೆನ್ನಾಗಿದೆ ಕಣೋ. ಒಳಗಿನ ಟೈರು ನೋಡ್ತಾನಲ್ಲ, ಆ ಮುದುಕ ಬದುಕ್ತಾನೆ.”