ಸಂಕಲ್ಪದ ಲೆಕ್ಕ

ತಂದೆಯ ತಿಥಿಗೆಂದು ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗಿದ್ದೆವು. ಸಂಗಮದ ಮೆಟ್ಟಿಲ ಮೇಲೆ ಪುರೋಹಿತರು ಶ್ವೇತವರಾಹ ಕಲ್ಪದಿಂದ ಹಿಡಿದು ಮನ್ವಂತರ, ಕಲಿಯುಗ, ಸಂವತ್ಸರಗಳ ಮೂಲಕ ಇಳಿದಿಳಿದು ಬಂದು ಆ ದಿನದ ತಿಥಿಯ ಬಳಿ ನಿಂತರು. ತರಗತಿಯಲ್ಲಿ ಪಂಪನ ಕಾಲ 10ನೆಯ ಶತಮಾನವೆಂದು ಗಟ್ಟಿಯಾಗಿ ಹೇಳುವ ನಾನು ಆ ಲೆಕ್ಕಕ್ಕೆ ಸುಮ್ಮನೆ ತಲೆದೂಗಿದೆ.

ಆಗ ಅಬ್ಬೆ ದುಬ್ವಾ ನೆನಪಾದರು. ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ ಊರು ಬಿಟ್ಟು, 1799ರ ಅನಂತರ ಮೈಸೂರು ಸೀಮೆಗೆ ಬಂದ ಪಾದ್ರಿ. ಅವರ ನಾಡಿನಲ್ಲಿ ವೋಲ್ಟೇರ್ ಭಾರತದ ಪ್ರಾಚೀನತೆಯನ್ನೇ ಹಿಡಿದು ಬೈಬಲಿನ ಕಾಲಗಣನೆಯನ್ನು ಕುಟುಕಿದ್ದ. ಇನ್ನು ‘ಗ್ರಂಥದಲ್ಲಿದೆ’ ಎಂದಷ್ಟೇ ಹೇಳಿದರೆ ಸಾಲದು. ಪರರ ಪಂಚಾಂಗದಿಂದಲೂ ಸಾಕ್ಷಿ ತರಬೇಕು. ದುಬ್ವಾ ಹೆಸರಿನ ಗ್ರಂಥ (ಬಹುಪಾಲು ಅವರಿಗೂ ಹಿಂದಿನ ಜೆಸ್ವಿಟ್ ಕೂರ್ದೂ ಬರೆದದ್ದೆಂದು 1987ರಲ್ಲಿ ಸಿಲ್ವಿಯಾ ಮ್ಯೂರ್ ತೋರಿಸಿದರು, ಇರಲಿ) ಮೊದಲ ಮೂರು ಯುಗಗಳನ್ನು ಕಟ್ಟುಕತೆಯೆಂದು ತಳ್ಳಿ ಕಲಿಯುಗವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕ್ರಿ.ಪೂ. 3102 ನೋಹನ ಪ್ರಳಯದ ಹತ್ತಿರ ಬರುತ್ತದಲ್ಲ!

ನಗು ಬಂತು, ಬಂದಷ್ಟೇ ಬೇಗ ನಿಂತಿತು. ನಾನು ಮಾಡುತ್ತಿದ್ದುದೇನು? ಕಲ್ಪ, ಮನ್ವಂತರಗಳನ್ನೆಲ್ಲ ಮನಸ್ಸಿನಲ್ಲೇ ತಳ್ಳಿ, ಅಪ್ಪ ಹೋದ ತಿಥಿಯೊಂದನ್ನು ಬಿಗಿಹಿಡಿದು ಕೂತಿದ್ದೆ.

“ಅಣ್ಣಾ, ಎಳ್ಳುನೀರು ಬಿಡು” ಎಂದ ತಮ್ಮ. ಬಿಟ್ಟೆ.