ಆದೇಶಸಂಧಿ

ಸಿಂಗಟಾಲೂರಿನ ನಮ್ಮ ಮನೆಯ ಹಿತ್ತಲಿನಲ್ಲಿ, ಬೇವಿನ ಮರದ ಕೆಳಗೆ, ಒಂದು ಜೀಪುಗಾಡಿ ಇಪ್ಪತ್ತೈದು ವರ್ಷಕ್ಕೂ ಮಿಕ್ಕು ನಿಂತಿದ್ದಿತು. ಕೋಳಿಗಳು ಅದರ ಆಸನದಲ್ಲಿ ತತ್ತಿಯಿಟ್ಟವು. ಹಿತ್ತಲ ಬಳ್ಳಿ ಅದರ ಚುಕ್ಕಾಣಿಯನ್ನು ಸುತ್ತಿತು. ಮೊಮ್ಮಕ್ಕಳು ಅದರಲ್ಲಿ ಕುಳಿತು, ಗಾಲಿ ಕದಲದೆಯೆ, ಕಾಶಿ ರಾಮೇಶ್ವರಗಳಿಗೆ ಹೋಗಿಬಂದರು. ನಾನು ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಅದನ್ನು ಮತ್ತೆ ನಡೆಯಿಸಬೇಕೆಂಬ ಹಂಬಲ ಹುಟ್ಟಿತು. ಮೂವತ್ತೆರಡು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದವನಿಗೆ ಈ ಕಬ್ಬಿಣದ ಗೊಡವೆ ಏಕೆಂದು ನಕ್ಕವರುಂಟು. ಆ ಗಾಡಿಯ ಸಮಸ್ಯೆ ಮೊದಲಿನಿಂದಲೂ ವ್ಯಾಕರಣದ ಸಮಸ್ಯೆಯೇ ಆಗಿದ್ದಿತೆಂಬುದು ಪಾಪ, ಅವರಿಗೇನು ಗೊತ್ತು!

ಜೀಪಿನ ಪೂರ್ವಕಥೆ ವಾಚಕರಿಗೆ ತಿಳಿದದ್ದೇ. 1941ರಿಂದ 1945ರ ವರೆಗೆ ಅಮೆರಿಕೆಯ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಯುದ್ಧಕ್ಕೆಂದು ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಕಟ್ಟಿದವು. ಯುದ್ಧ ಮುಗಿಯಲು ಆ ಗಾಡಿ ಸೈನ್ಯವನ್ನು ಬಿಟ್ಟು ಒಕ್ಕಲುತನಕ್ಕೆ ಬಂದಿತು. 1947ರಲ್ಲಿ ಮಹೀಂದ್ರ ಸಂಸ್ಥೆಯವರು ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ನಮ್ಮ ತಂದೆಯವರು ಕೊಂಡದ್ದು 1965ರ ಗಾಡಿ, ಎತ್ತರದ ಮೂತಿಯದು. ಆ ಎತ್ತರಕ್ಕೂ ಒಂದು ಕಾರಣವುಂಟು. 'ಹರಿಕೇನ್' ಎಂಬ ಅದರ ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯನ್ನು ಒಳಗೆ ಬಿಡುವ ಕವಾಟಗಳನ್ನು ಪಕ್ಕದಿಂದೆತ್ತಿ ತಲೆಯ ಮೇಲೆ ಇಟ್ಟಿದ್ದರು. ಹೊಗೆಯನ್ನು ಹೊರಗೆ ಬಿಡುವ ಕವಾಟಗಳು ಮಾತ್ರ ಹಳೆಯ ತಾವಿನಲ್ಲಿಯೇ ಉಳಿದವು. ಇದರಿಂದ ಇಂಜಿನ್ನು ಎತ್ತರವಾಯಿತು. 1953ರಲ್ಲಿ ವಿಲ್ಲೀಸರು ಬಾನೆಟ್ಟನ್ನು ಅದಕ್ಕೆ ತಕ್ಕಂತೆ ಏರಿಸಬೇಕಾಯಿತು. ಮಳೆ ಬಿದ್ದ ಮೇಲೆ ನಮ್ಮ ಎರೆಭೂಮಿ ಎತ್ತಿನ ಗಾಡಿಯ ಚಕ್ರವನ್ನು ಹಿಡಿದರೆ ಬಿಡುವುದಿಲ್ಲ. ಅಂಥ ಕೆಸರಿನಲ್ಲಿ ನಾಲ್ಕೂ ಗಾಲಿ ತಿರುಗಿಸಿಕೊಂಡು ಹೊರಡುತ್ತಿದ್ದ ಆ ಜೀಪನ್ನು ನೋಡಲು ಮಕ್ಕಳು ಅಗಸೆಬಾಗಿಲಲ್ಲಿ ಸೇರುತ್ತಿದ್ದರು.

1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಶಿಯದಲ್ಲಿ ಯುದ್ಧವಾಯಿತು. ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. ದೂರದ ಮರುಭೂಮಿಯ ಜಗಳದ ತೆರಿಗೆಯನ್ನು ತುಂಗಭದ್ರೆಯ ದಂಡೆಯ ರೈತನೂ ಕಟ್ಟಬೇಕಾಯಿತು. ಪೆಟ್ರೋಲಿನ ಜೀಪು ಮನೆಯ ಮುಂದೆ ನಿಂತ ಬಿಳಿಯ ಆನೆಯಂತಾಯಿತು. ತಂದೆಯವರು ಕೆಲವು ವರ್ಷ ತಡೆದರು. 1978ರಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ತಾವೂ ಮಾಡಿದರು. ಹರಿಕೇನನ್ನು ಇಳಿಸಿ, ಇಂಟರ್‌ನ್ಯಾಶನಲ್ ಬಿ-275 ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ನನ್ನು ಕೂರಿಸಿದರು. ಮೊದಲನೆಯದಕ್ಕಾಗಿ ಎತ್ತರಿಸಿದ ಬಾನೆಟ್ಟು ಎರಡನೆಯದನ್ನೂ ಒಳಗೆ ಬರಮಾಡಿಕೊಂಡಿತು. ನೋಂದಣಿಯ ಪುಸ್ತಕದಲ್ಲಿ ಹಳೆಯ ಇಂಜಿನ್ನಿನ ಸಂಖ್ಯೆಯ ಮೇಲೆ ಕೆಂಪು ಗೆರೆ ಬಿದ್ದು, ಮೇಲೆ ಹೊಸ ಸಂಖ್ಯೆಯೂ ಮೊಹರೂ ಬಂದವು.

ಆ ಕೆಂಪು ಗೆರೆಯನ್ನು ಕಂಡಾಗಲೆಲ್ಲ ನನಗೆ ಸಂಧಿಪ್ರಕರಣದ ನೆನಪಾಗುತ್ತಿದ್ದಿತು. ಲೋಪ, ಆಗಮ, ಆದೇಶವೆಂದು ಸಂಧಿಕಾರ್ಯಗಳು ಮೂರು. ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಆದೇಶವು ಶತ್ರುವಿನಂತೆ ಬಂದು, ಇದ್ದವನನ್ನು ಎಬ್ಬಿಸಿ, ಅವನ ಗದ್ದುಗೆಯನ್ನೇ ಹಿಡಿಯುತ್ತದೆ ಎಂಬುದು ವೈಯಾಕರಣರ ಹಳೆಯ ಮಾತು. 'ಮನೆಯಲ್ಲಿ' ಎಂಬಲ್ಲಿ ಯಕಾರ ಮಿತ್ರ. 'ಮಳೆಗಾಲ'ದಲ್ಲಿ ಕಕಾರವನ್ನು ಹೊರದೂಡಿದ ಗಕಾರ ಶತ್ರು. ನಮ್ಮ ಜೀಪಿಗೆ ಬಂದ ಡೀಸೆಲ್ ಇಂಜಿನ್ನನ್ನೂ ನಾನು ಶತ್ರುವೆಂದೇ ಎಣಿಸಿದ್ದೆನು. ಅದಕ್ಕೆ ವ್ಯಾಕರಣವೊಂದೇ ಕಾರಣವಲ್ಲ.

1996ರ ಒಂದು ರಾತ್ರಿ ತಂದೆಯವರಿಗೆ ಎದೆನೋವು ಕಾಣಿಸಿಕೊಂಡಿತು. ಅವ್ವನೂ ನಾನೂ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ಗದಗಿಗೆ ಹೊರಟೆವು. ಮುಂಡರಗಿ ದಾಟಿ ಡಂಬಳದ ಹತ್ತಿರ ಬರುವಾಗ ಗೇರುಪೆಟ್ಟಿಗೆಯಲ್ಲಿ ಕಲ್ಲು ಅರೆದಂಥ ಸದ್ದಾಯಿತು, ಗಾಡಿ ನಿಂತಿತು. ಕಪ್ಪತಗುಡ್ಡದ ಕಡೆಯ ಕತ್ತಲೆಯಲ್ಲಿ ಒಂದು ಲಾರಿಯ ದೀಪ ಕಾಣುವ ವರೆಗೆ ಕಾದ ಹೊತ್ತು ಎಷ್ಟೆಂದು ನಾನು ಅಳೆಯಲಿಲ್ಲ. ಮೂರನೆಯ ದಿನ ತಂದೆಯವರು ತೀರಿಕೊಂಡರು. ತಡವಾದುದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಹೇಳಿದರು. ಬುದ್ಧಿ ಅದನ್ನು ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಹಗ್ಗ ಕಟ್ಟಿ ಎಳೆತಂದು ಬೇವಿನ ಕೆಳಗೆ ನಿಲ್ಲಿಸಿದ ಗಾಡಿಯನ್ನು ಮತ್ತೆ ಮುಟ್ಟಿದ್ದಿಲ್ಲ.

ಆದುದರಿಂದ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ನನ್ನ ಸಂಕಲ್ಪ ಸ್ಪಷ್ಟವಾಗಿದ್ದಿತು: ಡೀಸೆಲ್ ಇಂಜಿನ್ನು ಮೊದಲು ಮನೆಯಿಂದಾಚೆಗೆ ಹೋಗಬೇಕು. ಹಳೆಯ ಹರಿಕೇನನ್ನು ತಂದೆಯವರು ಮಾರಿರಲಿಲ್ಲ. ಗೋಣಿತಟ್ಟು ಸುತ್ತಿ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಬೆಂಗಳೂರಿನಲ್ಲಿರುವ ನನ್ನ ಮಗನೂ ಇದನ್ನೇ ಅನುಮೋದಿಸಿದನು. 2021ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಂತೆ, ಐವತ್ತು ವರ್ಷ ಮೀರಿ, ಮೂಲರೂಪದಲ್ಲಿಯೇ ಉಳಿದ ಗಾಡಿಗೆ 'ವಿಂಟೇಜ್' ಎಂಬ ಪದವಿ ದೊರೆಯಬಹುದು. ಇಂಜಿನ್ನು ಮಾರ್ಪಟ್ಟ ಗಾಡಿಗೆ ಆ ಮರ್ಯಾದೆಯಿಲ್ಲ. ಮೂಲ ಇಂಜಿನ್ನನ್ನೇ ಮತ್ತೆ ಕೂರಿಸಿ ಕೇಳಿನೋಡೋಣವೆಂದು ನಾವು ಎಣಿಸಿದೆವು. ಆದರೆ ಆ ಪದವಿ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೂ ಉತ್ಸವಕ್ಕೂ ಮಾತ್ರ ಅದು ಹೊರಬರತಕ್ಕದ್ದು, ವರ್ಷಕ್ಕೊಮ್ಮೆ ತೇರು ಬಂದಂತೆ.

ಮುಂಡರಗಿಯಿಂದ ಬಂದ ಮಿಸ್ತ್ರಿ ನನಗಿಂತ ಹಿರಿಯನು. ನನ್ನ ಸಂಕಲ್ಪವನ್ನು ಪೂರ್ತಿ ಕೇಳಿ, ಎಲೆಯಡಿಕೆ ಉಗುಳಿ ಬಂದು, ಒಂದೇ ಮಾತು ಕೇಳಿದನು: "ಮಾಸ್ತರ್ರ, ಗಾಡಿ ಓಡಬೇಕೋ, ನೋಡೂದಕ್ಕ ಇರಬೇಕೋ, ಮೊದಲ ಅದನ್ನ ಹೇಳ್ರಿ." ನಾನು ಉತ್ತರ ಕೊಡಲಿಲ್ಲ. ಅವನು ಬಿಚ್ಚತೊಡಗಿದನು.

ಟ್ರ್ಯಾಕ್ಟರಿನ ಇಂಜಿನ್ನಿಗೂ ಜೀಪಿನ ಗೇರುಪೆಟ್ಟಿಗೆಗೂ ಹುಟ್ಟಿನಿಂದ ನೆಂಟಸ್ತಿಕೆಯಿಲ್ಲ. ಒಂದರ ಬೋಲ್ಟಿನ ತೂತು ಇನ್ನೊಂದಕ್ಕೆ ಹೊಂದುವುದಿಲ್ಲ. ಆದಕಾರಣ ನಡುವೆ ಒಂದು ದಪ್ಪ ಉಕ್ಕಿನ ಫಲಕವನ್ನು ಇಟ್ಟು, ಎರಡನ್ನೂ ಅದಕ್ಕೆ ಬಿಗಿಯುತ್ತಾರೆ. ಇಂಜಿನ್ನಿನ ದಂಡವೂ ಗೇರುಪೆಟ್ಟಿಗೆಯ ದಂಡವೂ ಒಂದೇ ನೇರದಲ್ಲಿ ತಿರುಗಬೇಕು. ಆ ನೇರವನ್ನು ಕಾಯುವ ಕೆಲಸ ಬೋಲ್ಟಿನದಲ್ಲ, ಏಕೆಂದರೆ ಬೋಲ್ಟಿನ ತೂತಿನಲ್ಲಿ ಕೊಂಚ ಸಡಿಲವಿದ್ದೇ ಇರುತ್ತದೆ. ಅದಕ್ಕೆಂದೇ ಬಿಗಿಯಾಗಿ ಕೂರುವ ಡಾವೆಲ್ ಪಿನ್ನುಗಳನ್ನು ಹೊಡೆಯಬೇಕು. ಮಿಸ್ತ್ರಿ ಫಲಕವನ್ನು ನನ್ನ ಮುಂದೆ ಹಿಡಿದನು. "ಇಂಜಿನ್ ಏನೂ ಪಾಪ ಮಾಡಿಲ್ರಿ. ಇಲ್ಲಿ ನೋಡ್ರಿ, ಪಿನ್ನ ಹಾಕೇ ಇಲ್ಲ. ಬರೇ ಬೋಲ್ಟ ನಂಬಿ ಕೂಡಿಸ್ಯಾರ." ಡಯಲ್ ಗೇಜು ಹಚ್ಚಿ ಅಳೆದಾಗ ಕೇಂದ್ರ ತಪ್ಪಿದ್ದುದು ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲು. ಅಷ್ಟೇ ಅಂತರದಿಂದ ದಂಡವು ಪ್ರತಿ ಸುತ್ತಿಗೂ ಬೇರಿಂಗನ್ನು ಹಿಂಡಿ, ಮೂರು ನಾಲ್ಕು ವರ್ಷಕ್ಕೊಂದನ್ನು ತಿಂದುಹಾಕುತ್ತಿದ್ದಿತು. ಸವೆದದ್ದನ್ನು ತಂದೆಯವರು ಆಗಾಗ ಬದಲಾಯಿಸುತ್ತಲೇ ಇದ್ದರು. ಕೊನೆಯದು ಒಡೆದದ್ದು ಡಂಬಳದ ದಾರಿಯಲ್ಲಿ.

ನಾನು ಬಾವಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತೆನು. ತಪ್ಪು ಆದೇಶದಲ್ಲಿರಲಿಲ್ಲ, ಸಂಧಿಯಲ್ಲಿದ್ದಿತು! ಕೂಡಿಸಿದವರು ಯಾರೋ, ಅಂದು ಅವರಿಗೆ ಏನು ಅವಸರವಿದ್ದಿತೋ. ಇಪ್ಪತ್ತೈದು ವರ್ಷ ನಾನು ಶಪಿಸಿದ ಇಂಜಿನ್ನು ಆ ರಾತ್ರಿಯೂ ನಿಂತಿರಲಿಲ್ಲವೆಂಬುದು ಆಗ ನೆನಪಿಗೆ ಬಂದಿತು. ಗಾಲಿಗಳು ನಿಂತ ಮೇಲೂ ಅದು ಗುಡುಗುಡು ಎನ್ನುತ್ತಲೇ ಇದ್ದಿತು, ನಿಲ್ಲಿಸಿದವನು ನಾನು.

ಮರುದಿನ ಮಿಸ್ತ್ರಿಗೆ ಉತ್ತರ ಹೇಳಿದೆನು: ಗಾಡಿ ಓಡಲಿ. ಮಗನು ಮೊದಲು ಮುನಿದು ಆಮೇಲೆ ಒಪ್ಪಿದನು. ಫಲಕವನ್ನು ಸರಿಯಾಗಿ ಕೇಂದ್ರಕ್ಕೆ ತಂದು ಪಿನ್ನು ಹೊಡೆದುದಾಯಿತು. ಹೊಸ ಬೇರಿಂಗು ಬಂದಿತು. ಭಾರದ ಇಂಜಿನ್ನಿನಿಂದ ಕುಸಿದಿದ್ದ ಮುಂದಿನ ಕಮಾನುಪಟ್ಟಿಗಳಿಗೆ ಒಂದೊಂದು ಎಲೆ ಕೂಡಿತು. ನೋಂದಣಿಯ ನವೀಕರಣವೂ ಐದು ವರ್ಷಕ್ಕೆ ಆಯಿತು. ಹರಿಕೇನಿಗೆ ಎಣ್ಣೆ ಸವರಿ ಮತ್ತೆ ಗೋಣಿತಟ್ಟು ಸುತ್ತಿದೆವು.

ನಷ್ಟವಿಲ್ಲವೆಂದು ಹೇಳಲಾರೆನು. ಹರಿಕೇನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಿ ಎಪ್ಪತ್ತಕ್ಕೂ ಮಿಕ್ಕ ಅಶ್ವಶಕ್ತಿ ಕೊಡುತ್ತಿದ್ದಿತು. ಇದು ಎರಡು ಸಾವಿರದ ಆಸುಪಾಸಿನಲ್ಲಿಯೇ ನಿಂತು ಸುಮಾರು ಮೂವತ್ತೈದು ಕೊಡುತ್ತದೆ. ಜೀಪಿನ ಅಚ್ಚಿನಲ್ಲಿ ದಂಡದ 5.38 ಸುತ್ತಿಗೆ ಗಾಲಿ ಒಂದು ಸುತ್ತು ತಿರುಗುವುದರಿಂದ, ಎಷ್ಟು ತುಳಿದರೂ ವೇಗ ಗಂಟೆಗೆ ಐವತ್ತು ಕಿಲೋಮೀಟರು. ಆದರೆ ಒಕ್ಕಲುತನದ ಗಾಡಿಗೆ ಅದಕ್ಕಿಂತ ಹೆಚ್ಚಿನ ಅವಸರವೇನು?

ಮೊದಲ ಪ್ರಯಾಣ ಗದಗಿಗೇ ಮಾಡಿದೆನು. ಡಂಬಳದ ಹತ್ತಿರ ಆ ತಾವು ಬಂದಾಗ ಕೈ ತಾನಾಗಿ ಗೇರಿನ ಕೋಲನ್ನು ಬಿಗಿಹಿಡಿಯಿತು. ಗಾಡಿ ತನ್ನ ಪಾಡಿಗೆ ಹೋಯಿತು. ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮರೆತಿದ್ದ ಮತ್ತೊಂದು ಪಾಠ ಆಗ ನೆನಪಾಯಿತು. ಆದೇಶವು ತಾನು ಯಾರ ಸ್ಥಾನಕ್ಕೆ ಬಂದಿದೆಯೋ ಅವನಂತೆಯೇ ನಡೆದುಕೊಳ್ಳತಕ್ಕದ್ದೆಂದು ಪಾಣಿನಿಯೇ ವಿಧಿಸಿದ್ದಾನೆ. ವರ್ಣವನ್ನು, ಎಂದರೆ ಸದ್ದನ್ನು, ಆಶ್ರಯಿಸಿದ ಕಾರ್ಯಗಳಿಗೆ ಮಾತ್ರ ಆ ವಿಧಿ ಸಲ್ಲದು. ನಮ್ಮ ಜೀಪಿಗೂ ಅದು ಅಕ್ಷರಶಃ ಒಪ್ಪುತ್ತದೆ: ಎಲ್ಲದರಲ್ಲಿಯೂ ಮೊದಲಿನವನ ಕೆಲಸವನ್ನೇ ಮಾಡುತ್ತದೆ, ಸದ್ದೊಂದು ಮಾತ್ರ ಬೇರೆ.

ಸಂಜೆ ಊರಿಗೆ ಮರಳಿದಾಗ ಅವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಎಂಬತ್ತೇಳರ ಅವಳಿಗೆ ಕಣ್ಣು ಮಂಜಾಗಿದೆ, ಕಿವಿ ಚುರುಕು. ಗಾಡಿ ಅಗಸೆಯನ್ನು ದಾಟುವಾಗಲೇ ಎದ್ದು ನಿಂತು, ಸೆರಗು ಸರಿಪಡಿಸಿಕೊಂಡು, ಒಳಗಿನ ಸೊಸೆಗೆ ಕೂಗಿ ಹೇಳಿದಳಂತೆ: "ಚಹಾಕ್ಕ ಇಡವಾ, ಅವರು ಬಂದ್ರು." ಆಮೇಲೆ ತಾನೇ ತಿಳಿದುಕೊಂಡು ಸುಮ್ಮನೆ ಕುಳಿತಳಂತೆ.

ಡೀಸೆಲ್ ಇಂಜಿನ್ನು ಕೀಲಿ ತಿರುವಿದ ಮಾತ್ರಕ್ಕೆ ನಿಲ್ಲುವುದಿಲ್ಲ. ಎಣ್ಣೆಯನ್ನು ತಡೆಯುವ ತಂತಿಯನ್ನು ಎಳೆಯಬೇಕು. ಮನೆಯ ಮುಂದೆ ಬಂದ ಮೇಲೆ ನಾನು ಕೊಂಚ ಹೊತ್ತು ಅದನ್ನು ಎಳೆಯಲಿಲ್ಲ.